‘ಸ್ಟಿಲ್’ ಪದವನ್ನು ಕನ್ನಡಕ್ಕೆ ತರುವಾಗ: ನನ್ನ ಅನುಭವ

ಇಂಗ್ಲಿಷ್ ಕವಿತೆಯೊಂದನ್ನು ಅನುವಾದಕ್ಕೆ ಎತ್ತಿಕೊಂಡರೆ ನಾನು ಮೊದಲು ‘ಸ್ಟಿಲ್’ (still) ಎಂಬ ಪದ ಎಲ್ಲೆಲ್ಲಿದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಸಿಕ್ಕಲ್ಲೆಲ್ಲ ‘ಇನ್ನೂ’ ಎಂದು ಬರೆದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಗುರುತಿರುವ ಪ್ರತಿ ಜಾಗದಲ್ಲೂ ಇನ್ನೂ, ಆದರೂ, ಸದಾ, ಅಲುಗದೆ ಎಂಬ ನಾಲ್ಕನ್ನೂ ಇಟ್ಟು ಓದುತ್ತೇನೆ. ಒಂದೇ ಹೊಂದಿದರೆ ಕೆಲಸ ಮುಗಿಯಿತು. ಎರಡು ಹೊಂದಿದರೆ ನಿಜವಾದ ಕೆಲಸ ಅಲ್ಲೇ ಶುರು.

ಗದ್ಯದಲ್ಲಿ ಪದ ಕೂತ ಜಾಗವೇ ಬಹುಪಾಲು ಅರ್ಥ ಹೇಳಿಬಿಡುತ್ತದೆ. ‘ಹಿ ಸ್ಟಿಲ್ ಸಿಟ್ಸ್ ದೇರ್’ ಅಂದರೆ ಇನ್ನೂ ಅಲ್ಲೇ ಕೂರುತ್ತಾನೆ. ‘ಹಿ ಸಿಟ್ಸ್ ಸ್ಟಿಲ್’ ಅಂದರೆ ಅಲುಗದೆ ಕೂರುತ್ತಾನೆ. ವಾಕ್ಯದ ಮೊದಲಲ್ಲಿ ಬಂದು ಅಲ್ಪವಿರಾಮ ಹಿಂಬಾಲಿಸಿದರೆ ಸಾಮಾನ್ಯವಾಗಿ ‘ಆದರೂ’. ಎಡವುವುದು ನಿಷೇಧ ವಾಕ್ಯಗಳಲ್ಲಿ. ‘ಹ್ಯಾಸಂಟ್ ಕಮ್ ಯೆಟ್’, ‘ಸ್ಟಿಲ್ ಹ್ಯಾಸಂಟ್ ಕಮ್’ ಎರಡಕ್ಕೂ ‘ಇನ್ನೂ ಬಂದಿಲ್ಲ’ ಎಂದರೆ ಎರಡನೆಯದರಲ್ಲಿರುವ ಕಾದು ಬೇಸತ್ತ ದನಿ ಸಿಗುವುದಿಲ್ಲ. ಅಲ್ಲಿ ನಾನು ‘ಇನ್ನೂ ಬಂದೇ ಇಲ್ಲ’ ಎಂದು ಬರೆಯುತ್ತೇನೆ. ಆ ಒಂದು ಏಕಾರ ಸಾಕು.

ಶೇಕ್ಸ್‌ಪಿಯರ್ ಕಾಲದ ಬರಹದಲ್ಲಿ ‘ಸದಾ’ ಎಂಬ ಅರ್ಥವನ್ನು ಮರೆಯಬಾರದು. ‘ದಿ ಟೆಂಪೆಸ್ಟ್’ ನಾಟಕದಲ್ಲಿ ಏರಿಯಲ್ ಎಂಬ ಗಾಳಿಯ ಚೇತನ ಬರ್ಮುಡಾವನ್ನು ‘ಸ್ಟಿಲ್-ವೆಕ್ಸ್ಡ್’ ಎನ್ನುತ್ತಾನೆ. ಬಿರುಗಾಳಿ ಬಿಡದೆ ಕಾಡುವ ದ್ವೀಪ ಎಂದರ್ಥ. ‘ಇನ್ನೂ ಕಾಡಲ್ಪಟ್ಟ’ ಎಂದರೆ ತಪ್ಪು.

ಹೆಚ್ಚು ದಿನ ಹಿಡಿಯುವುದು ಇಂಗ್ಲಿಷ್ ಕವಿ ಕೀಟ್ಸ್. ಗ್ರೀಕ್ ಕಲಶದ ಕುರಿತು 1819ರಲ್ಲಿ ಬರೆದ ಕವಿತೆಯ ಮೊದಲ ಸಾಲಿನಲ್ಲೇ ಕಲಶವನ್ನು ಮೌನದ ವಧು ಎಂದು ಕರೆದು, ಅವಳಿಗೆ ‘ಸ್ಟಿಲ್’ ಅಂಟಿಸಿದ್ದಾನೆ. ಇನ್ನೂ ಯಾರೂ ಮುಟ್ಟದವಳು ಎಂದೂ ಓದಬಹುದು, ಅಲುಗದೆ ನಿಂತವಳು ಎಂದೂ ಓದಬಹುದು. ಎರಡೂ ಬೇಕು. ‘ಇನ್ನೂ’ ಹಾಕಿದರೆ ಕಲ್ಲಿನ ನಿಶ್ಚಲತೆ ಹೋಗುತ್ತದೆ, ‘ನಿಶ್ಚಲ’ ಹಾಕಿದರೆ ಕಾಲ ಹೋಗುತ್ತದೆ. ನನಗೆ ಕೈಕೊಟ್ಟ ಈ ಎರಡರ ಬದಲು ಒದಗಿದ್ದು ಮನೆಮಾತಿನ ‘ಹಾಗೇ’. ‘ಹಾಗೇ ನಿಂತಿದ್ದಾಳೆ’ ಎನ್ನಿ: ಕದಲಿಲ್ಲ, ಬದಲಾಗಿಯೂ ಇಲ್ಲ. ಸಂಸ್ಕೃತದ ದೊಡ್ಡ ಪದ ಹುಡುಕುವ ಮೊದಲು ಇಂಥ ಚಿಕ್ಕ ಪದಗಳನ್ನು ನಾಲಿಗೆಯ ಮೇಲೆ ಆಡಿಸಿ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಮಾಸಪದಗಳನ್ನು ಪದಕ್ಕೆ ಪದವಿಟ್ಟು ಅನುವಾದಿಸಬೇಡಿ. ‘ಸ್ಟಿಲ್ ಲೈಫ್’ ಚಿತ್ರಕ್ಕೆ ‘ಸ್ತಬ್ಧಚಿತ್ರ’ ಎಂದರೆ ಓದುಗರ ಕಣ್ಣಿಗೆ ಮೆರವಣಿಗೆಯ ಗಾಡಿ ಬರುತ್ತದೆ. ‘ಹಣ್ಣು, ಹೂಜಿ ಇಟ್ಟು ಬರೆದ ಚಿತ್ರ’ ಎಂದು ಬಿಡಿಸಿ ಹೇಳುವುದೇ ವಾಸಿ. ಸಾರಾಯಿ ಇಳಿಸುವ ‘ಸ್ಟಿಲ್’ ಬೇರೆಯೇ ಪದ, ತೊಟ್ಟಿಕ್ಕುವುದು ಎಂಬರ್ಥದ ಲ್ಯಾಟಿನ್ ಮೂಲದ್ದು. ಅದಕ್ಕೆ ನಮ್ಮ ‘ಭಟ್ಟಿ’ ಇದೆ.

ಕವಿ ಟಿ.ಎಸ್. ಎಲಿಯಟ್ ತಿರುಗುವ ಲೋಕದ ‘ಸ್ಟಿಲ್ ಪಾಯಿಂಟ್’ ಎಂದಾಗ ‘ಸ್ಥಿರಬಿಂದು’ ತಟ್ಟನೆ ಹೊಳೆಯುತ್ತದೆ. ಆದರೆ ಕೆಲವೇ ಸಾಲುಗಳ ನಂತರ ಅದನ್ನು ಸ್ಥಿರತೆ ಎನ್ನಬೇಡ ಎಂದು ಕವಿತೆಯೇ ತಡೆಯುತ್ತದೆ; ನೃತ್ಯ ಇರುವುದೂ ಅಲ್ಲೇ. ‘ಸ್ತಬ್ಧ’ ಎಂದರೂ ನಿಂತೇಹೋದಂತೆ. ಹಾಗಾಗಿ ನಾನು ‘ಸುಮ್ಮನಿರುವ ಬಿಂದು’ ಎಂದಿಟ್ಟುಕೊಂಡಿದ್ದೇನೆ. ‘ಸುಮ್ಮನಿರು’ ಎಂದರೆ ಮಾತೂ ಬೇಡ, ಅಲುಗಾಟವೂ ಬೇಡ. ಆದರೂ ಸುಮ್ಮನಿರುವವರ ಉಸಿರು ಆಡುತ್ತಲೇ ಇರುತ್ತದೆ.