ಎಲ್‌ಎಕ್ಸ್ 470ರ ಕುಣಿತ: ಶಾಕ್ ಅಲ್ಲ, ಗ್ಲೋಬ್

"ಕಿತ್ತು ಬಿಸಾಡಿ ಮಾರಾಯ್ರೆ, ಸಾದಾ ಶಾಕ್, ಸಾದಾ ಸ್ಪ್ರಿಂಗ್ ಹಾಕಿ."

ಲೆಕ್ಸಸ್ ಎಲ್‌ಎಕ್ಸ್ 470ರ ಎಎಚ್‌ಸಿ (ಆಯಿಲ್ ಪ್ರೆಶರಿನಿಂದ ಗಾಡಿಯನ್ನು ಎತ್ತುವ, ಇಳಿಸುವ) ಸಸ್ಪೆನ್ಶನ್ ಬಗ್ಗೆ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಯಾರನ್ನು ಕೇಳಿದರೂ ಇದೇ ಉತ್ತರ. ಕುಂದಾಪುರದವನಿಂದ ಹಿಡಿದು ಪೇಶಾವರದವನವರೆಗೆ. ನನಗೂ ಹೇಳಿದರು. ನಾನು ಕೀಳಲಿಲ್ಲ. ಗಾಡಿ ಈಗ ಎಂಟು ತಿಂಗಳಿಂದ ಸರಿಯಾಗಿ ಓಡುತ್ತಿದೆ. ಕಿತ್ತು ಬಿಸಾಡಿ ಅಂದವರಲ್ಲೇ ಇಬ್ಬರು ತಮ್ಮ ಗಿರಾಕಿಗಳ ಗಾಡಿಯನ್ನು ನನ್ನ ಹತ್ತಿರ ಕಳಿಸಿದ್ದಾರೆ. ಅದಕ್ಕೇ ಈ ಬರಹ.

ಗಾಡಿ 2004ರದ್ದು, ಜಿಸಿಸಿ ಮಾಡೆಲ್, ಅಂದರೆ ಗಲ್ಫ್ ದೇಶಗಳಿಗೆಂದೇ ಮಾಡಿದ್ದು. ಮೂರು ಲಕ್ಷ ನಲವತ್ತು ಸಾವಿರ ಕಿಲೋಮೀಟರ್ ಓಡಿತ್ತು. ನಾನೇ 17,000 ದಿರ್ಹಮ್ ಕೊಟ್ಟು ತೆಗೆದುಕೊಂಡೆ. 4.7 ಲೀಟರಿನ ವಿ8 ಎಂಜಿನ್ ಗಡಿಯಾರದ ಹಾಗೆ ಓಡುತ್ತಿತ್ತು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಕುಣಿತದಿಂದಲೇ. ಹಂಪ್ ದಾಟಿದರೆ ಮೂರು ನಾಲ್ಕು ಸಲ ಚೆಂಡಿನ ಹಾಗೆ ಪುಟಿಯುತ್ತಿತ್ತು. ಕಾಂಕ್ರೀಟ್ ರಸ್ತೆಯ ಜಾಯಿಂಟ್ ಮೇಲೆ ಹೋದರೆ ಹಲ್ಲು ಕಟಕಟ. ನನ್ನ ಹೆಂಡತಿ ಒಂದೇ ಸಲ ಕೂತಳು. ಇಳಿದು, "ಇದಕ್ಕಿಂತ ಉಡುಪಿಯ ಸಿಟಿ ಬಸ್ ವಾಸಿ" ಅಂದಳು.

ಮೊದಲು ದುಡ್ಡು ಕಳೆದುಕೊಂಡ ಕತೆ. ಪುಟಿಯುತ್ತದೆ ಅಂದರೆ ಶಾಕ್ ಹೋಗಿದೆ, ಎಲ್ಲರ ತಲೆಯೂ ಅಲ್ಲಿಗೇ ಹೋಗುತ್ತದೆ ಅಲ್ವಾ? ನನ್ನದೂ ಹೋಯಿತು. ಊರಲ್ಲಿ ಅಂಬಾಸಿಡರ್, ಜೀಪ್ ಮಾಡಿ ಬಂದವನು ನಾನು. ಹಿಂದಿನ ಎರಡು ಶಾಕನ್ನು ಸ್ಕ್ರಾಪ್ ಯಾರ್ಡ್‌ನಿಂದ ತಂದು ಹಾಕಿದೆ, 450 ದಿರ್ಹಮ್ ಅಂತ ನೆನಪು. ಒಂದು ಚೂರೂ ವ್ಯತ್ಯಾಸ ಇಲ್ಲ. ಟಯರ್ ಬ್ಯಾಲೆನ್ಸ್‌ಗೆ 120. ಟಯರ್ ಗಾಳಿ 38ರಿಂದ 30ಕ್ಕೆ ಇಳಿಸಿದೆ. ಹಲ್ಲು ಕಟಕಟ ಕಮ್ಮಿಯಾಯಿತು, ಪುಟಿತ ಜಾಸ್ತಿಯಾಯಿತು. ಇದು ದೊಡ್ಡ ಸುಳಿವು. ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಫೋನಿನಿಂದ. ನನ್ನ ಬೇ (ಗಾಡಿ ರಿಪೇರಿ ಮಾಡುವ ಜಾಗ) ಹುಡುಗನ ಕೈಗೆ ಫೋನ್ ಕೊಟ್ಟು ಹಂಪ್ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿದೆ. ಫೆಂಡರ್ ಅಂಚಿಗೆ ಬಿಳಿ ಟೇಪ್, ಟಯರ್ ಮೇಲೆ ಸೀಮೆಸುಣ್ಣದ ಗೀಟು. ಇಪ್ಪತ್ತರ ಸ್ಪೀಡಲ್ಲಿ ಹಂಪ್ ಹತ್ತಿಸಿದೆ. ರಾತ್ರಿ ರೂಮಲ್ಲಿ ನಿಧಾನಕ್ಕೆ ಓಡಿಸಿ ನೋಡಿದರೆ, ಬಾಡಿ ಹಾರುತ್ತಿದೆ, ಚಕ್ರವೂ ಜೊತೆಗೇ ಹಾರುತ್ತಿದೆ. ಟೇಪಿಗೂ ಟಯರಿಗೂ ನಡುವಿನ ಸಂದು ಹಾಗೇ ಇದೆ. ಕಿರುಬೆರಳಷ್ಟೂ ಬದಲಾಗಿಲ್ಲ. ಆದರೆ ಟಯರ್ ಕೆಳಗಡೆ ಚಪ್ಪಟೆಯಾಗಿ, ಮತ್ತೆ ಉಬ್ಬಿ, ಮತ್ತೆ ಚಪ್ಪಟೆಯಾಗುತ್ತಿದೆ.

ಅಂದರೆ ಈ ಗಾಡಿ ಮೆತ್ತಗಾಗಿ ಪುಟಿಯುತ್ತಿರಲಿಲ್ಲ, ಗಟ್ಟಿಯಾಗಿ ಪುಟಿಯುತ್ತಿತ್ತು. ಗ್ಲೋಬ್ ಅಂದರೆ ಪ್ರತಿ ಚಕ್ರಕ್ಕೂ ಒಂದರಂತೆ ಇರುವ ಗುಂಡು, ಒಳಗೆ ಒಂದು ಕಡೆ ನೈಟ್ರೋಜನ್ ಗ್ಯಾಸ್, ಇನ್ನೊಂದು ಕಡೆ ಆಯಿಲ್, ನಡುವೆ ರಬ್ಬರ್. ಆ ನೈಟ್ರೋಜನ್ ಖಾಲಿಯಾದರೆ ಉಳಿಯುವುದು ಬರೀ ಆಯಿಲ್. ಆಯಿಲ್ ಕುಗ್ಗುವುದಿಲ್ಲ. ಹಿಂದಿನ ಕಾಯಿಲ್ ಸ್ಪ್ರಿಂಗ್, ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಶನ್ ಬಾರ್ (ತಿರುಚುವ ಸರಳು) ಎಲ್ಲ ಇದ್ದಲ್ಲೇ ಇವೆ, ಆದರೆ ಪಕ್ಕದ ಆಯಿಲ್ ಸಿಲಿಂಡರ್ ಅಲುಗಾಡಲು ಬಿಡುತ್ತಿಲ್ಲ. ಆಗ ಕೆಲಸ ಮಾಡುವ ಸ್ಪ್ರಿಂಗ್ ಟಯರ್ ಒಂದೇ. ಟಯರಿಗೆ ಶಾಕ್ ಎಲ್ಲಿದೆ?

ಆಮೇಲೆ ಗೀಟಿನ ಲೆಕ್ಕ. ಇದು ನಿಮಗೆ ಗೊತ್ತಿರಬಹುದು, ಆದರೂ ಎಷ್ಟೋ ಜನ ಮಾಡುವುದಿಲ್ಲ. ಎಎಚ್‌ಸಿ ಆಯಿಲ್ ಟ್ಯಾಂಕಿನ ಮೇಲೆ ಗೀಟುಗಳಿವೆ. ಗಾಡಿ ಹೈ ಎತ್ತರದಲ್ಲಿದ್ದಾಗ ಆಯಿಲ್ ಎಷ್ಟನೇ ಗೀಟು, ಲೋಗೆ ಇಳಿದಾಗ ಎಷ್ಟನೇ ಗೀಟು ನೋಡಬೇಕು. ಗ್ಲೋಬ್ ಹೊಸದಾಗಿದ್ದರೆ 14ರ ಹತ್ತಿರ ವ್ಯತ್ಯಾಸ ಬರುತ್ತದೆ. ಏಳಕ್ಕಿಂತ ಕಮ್ಮಿಯಾದರೆ ಗ್ಲೋಬ್ ಮುಗಿಯಿತು. ನನ್ನದು ಐದು. ಎರಡನೇ ಸಲ ನೋಡಿದರೆ ಏಳು! ಮೂರನೇ ಸಲ ಆರು. ಯಾಕೆ ಅಂತ ತಲೆ ಕೆಡಿಸಿಕೊಂಡೆ. ನೀರು ಹರಿಯಲಿ ಅಂತ ನನ್ನ ಬೇನ ನೆಲ ಚರಂಡಿ ಕಡೆಗೆ ಓರೆಯಾಗಿದೆ. ಹನ್ನೆರಡು ವರ್ಷದಿಂದ ಅಲ್ಲೇ ಕೆಲಸ ಮಾಡುತ್ತಿದ್ದೇನೆ, ಲೆವೆಲ್ ಇಟ್ಟು ನೋಡಿರಲಿಲ್ಲ. ಗಾಡಿ ನಿಲ್ಲಿಸುವ ಜಾಗ, ದಿಕ್ಕು ಬದಲಾದ ಹಾಗೆ ಲೆಕ್ಕವೂ ಬದಲಾಗುತ್ತಿತ್ತು. ಕೊನೆಗೆ ರಾತ್ರಿ ಒಂದು ಗಂಟೆಗೆ ಒಂದು ಮಾಲ್‌ನ ಖಾಲಿ ಪಾರ್ಕಿಂಗಿಗೆ ಹೋಗಿ ಅಳೆದೆ. ವಾಚ್‌ಮನ್ ನೇಪಾಳದವನು, ಟಾರ್ಚ್ ಅವನೇ ಹಿಡಿದ. ಖಚಿತವಾಗಿ ಐದು.

90 ದಿರ್ಹಮ್‌ನ ಕೇಬಲ್ ಹಾಕಿ ಲ್ಯಾಪ್‌ಟಾಪಲ್ಲಿ ಆಯಿಲ್ ಪ್ರೆಶರ್ ನೋಡಿದೆ. ನಾರ್ಮಲ್ ಎತ್ತರದಲ್ಲಿ ಮುಂದೆ 6.9 ಮೆಗಾಪಾಸ್ಕಲ್ ಆಸುಪಾಸು ಇರಬೇಕು. ನನಗೆ ಬಂದದ್ದು 8.6. ಹಿಂದೆಯೂ ಒಂದಕ್ಕಿಂತ ಹೆಚ್ಚೇ ಜಾಸ್ತಿ. ಟಾರ್ಶನ್ ಬಾರ್, ಕಾಯಿಲ್ ಎರಡೂ ಸೋತು, ಅವು ಹೊರಬೇಕಾದ ಭಾರವನ್ನೂ ಆಯಿಲೇ ಹೊರುತ್ತಿತ್ತು. ಪ್ರೆಶರ್ ಜಾಸ್ತಿಯಾದರೆ ಗ್ಲೋಬ್ ಗ್ಯಾಸ್ ಇನ್ನಷ್ಟು ಒತ್ತಿಹೋಗುತ್ತದೆ, ಗಾಡಿ ಇನ್ನಷ್ಟು ಗಟ್ಟಿ. ಹೊಸ ಗ್ಲೋಬ್ ಹಾಕಿಯೂ ಸರಿಯಾಗಲಿಲ್ಲ ಎನ್ನುವವರೆಲ್ಲ ಮರೆಯುವುದು ಇದನ್ನೇ.

ಟಾರ್ಶನ್ ಬಾರ್ ಬೋಲ್ಟಿಗೆ ಎರಡು ರಾತ್ರಿ ತುಕ್ಕು ಬಿಡಿಸುವ ಆಯಿಲ್ ಕುಡಿಸಿದೆ. ಎಡಕ್ಕೂ ಬಲಕ್ಕೂ ಒಂದೂವರೆ ಸೆಂಟಿಮೀಟರ್ ಹೆಚ್ಚುಕಮ್ಮಿ ಇತ್ತು, ಮೊದಲು ಅದನ್ನು ಸಮ ಮಾಡಿದೆ. ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಮುಂದೆ 19¾ ಇಂಚು, ಹಿಂದೆ 20½. ಇದು ನಾನು ಇಟ್ಟುಕೊಂಡ ಅಳತೆ. ಆಮೇಲೆ ಎರಡೂ ಕಡೆ ಬಿಗಿ ಮಾಡುತ್ತಾ ಹೋದೆ. ಒಂದು ಪೂರ್ತಿ ಸುತ್ತಿಗೆ ಪ್ರೆಶರ್ ಸುಮಾರು 0.2 ಇಳಿಯುತ್ತದೆ. ಎಂಟು ಸುತ್ತಿನ ಹತ್ತಿರ ಆಯಿತು, 7.0ಕ್ಕೆ ನಿಲ್ಲಿಸಿದೆ. ಹಿಂದಿನ ಕಾಯಿಲ್‌ಗೆ ಲೇತ್‌ನವನಿಂದ 20 ಮಿಲಿಮೀಟರ್ ನೈಲಾನ್ ಸ್ಪೇಸರ್ ಮಾಡಿಸಿದೆ, ಜೋಡಿಗೆ 75 ದಿರ್ಹಮ್. ನೋಡಿದವರೆಲ್ಲ ನಕ್ಕರು. ಅವೇ ಸ್ಪೇಸರ್ ಇವತ್ತಿಗೂ ಒಳಗಿವೆ.

ಗಾಡಿ ಸ್ವಲ್ಪ ಸುಧಾರಿಸಿತು. ಪುಟಿತ ಮಾತ್ರ ಹೋಗಲಿಲ್ಲ.

ಈಗ ಗ್ಲೋಬ್ ಸರದಿ. ಜಿಪುಣತನ ಬಿಡಲಿಲ್ಲ ನೋಡಿ, ಸ್ಕ್ರಾಪ್‌ನಿಂದ ಎರಡು ತಂದೆ, ತಲಾ 100. ಸುಮ್ನೆ ದಂಡ. ಆ ಗಾಡಿಯೂ ನನ್ನ ಗಾಡಿಯ ವಯಸ್ಸಿನದ್ದೇ, ಅದರ ಗ್ಯಾಸ್ ಮಾತ್ರ ಉಳಿದಿರುತ್ತದಾ? ಒಂದರ ಗ್ಯಾಸ್ ಕಡೆ ಸಣ್ಣ ತೂತು ಕೊರೆದೆ. ಬುಸ್ ಅನ್ನಬೇಕಿತ್ತು. ಅನ್ನಲಿಲ್ಲ. ಗ್ಯಾಸ್ ಇರಬೇಕಾದ ಕಡೆಯಿಂದ ಕಪ್ಪು ಆಯಿಲ್ ಮೆಲ್ಲಗೆ ಜಿನುಗಿ ಡ್ರಿಲ್ ಬಿಟ್ ಮೇಲೆ ಇಳಿಯಿತು. ನೀವು ಹೀಗೆ ಕೊರೆಯಲು ಹೋಗಬೇಡಿ. ಗ್ಯಾಸ್ ಉಳಿದಿರುವ ಗ್ಲೋಬ್ ಆಗಿದ್ದರೆ ಕಣ್ಣು ಹೋಗುತ್ತಿತ್ತು.

ಇನ್ನೊಂದು ಸ್ಕ್ರಾಪ್ ಗ್ಲೋಬ್ ಇತ್ತಲ್ಲ, ಅದಕ್ಕೆ ಮರುಜೀವ ಕೊಡುವ ಹುಚ್ಚು ಹಿಡಿಯಿತು. ಪಕ್ಕದ ಎಸಿ ಅಂಗಡಿಯ ಮಲಪ್ಪುರಂನ ಇಕ್ಕನ ಹತ್ತಿರ ನೈಟ್ರೋಜನ್ ಸಿಲಿಂಡರ್ ಇತ್ತು. ವೆಲ್ಡ್ ಮಾಡಿದರೆ ಒಳಗಿನ ರಬ್ಬರ್ ಸುಡುತ್ತದೆ. ಅದಕ್ಕೆ ಮರೆ (ಥ್ರೆಡ್) ಕೊರೆದು ವಾಲ್ವ್ ತಿರುಗಿಸಿ ಕೂರಿಸಿದೆವು. ಹಿಂದಿನ ಎಡಕ್ಕೆ ಹಾಕಿದರೆ, ಅಯ್ಯೋ, ಆ ಮೂಲೆ ಒಂದು ಮಾತ್ರ ಬೆಣ್ಣೆ! ಇಕ್ಕ ಚಾಯ್ ತರಿಸಿದ. ಒಂಬತ್ತನೇ ದಿನ ಗ್ಯಾಸ್ ಪೂರ್ತಿ ಹೊರಟುಹೋಗಿತ್ತು. 150 ದಿರ್ಹಮ್ ಹೋಯಿತು, ಆದರೆ ರೋಗ ಯಾವುದು ಅಂತ ಸಾಬೀತಾಯಿತು. ಅದಾದ ಮೇಲೆ ಹೊಸ ಗ್ಲೋಬಿಗೆ ದುಡ್ಡು ಹಾಕಲು ಕೈ ನಡುಗಲಿಲ್ಲ.

ನಾಲ್ಕು ಹೊಸ ಒರಿಜಿನಲ್ ಗ್ಲೋಬ್, ಒಂದಕ್ಕೆ 620ರ ಹತ್ತಿರ. ಎರಡೂವರೆ ಲೀಟರಿನ ಎಎಚ್‌ಸಿ ಆಯಿಲ್ ಎರಡು ಡಬ್ಬ, ಮುನ್ನೂರು ಚಿಲ್ಲರೆ. ಗೇರ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಹಾಕಿದರೂ ನಡೆಯುತ್ತದೆ ಎನ್ನುವವರಿದ್ದಾರೆ. ಹಾಗೆ ಹಾಕಿ ಪಂಪ್ ಸೀಲ್ ಹೋದ ಗಾಡಿ ನನ್ನ ಬೇಗೇ ಬಂದಿದೆ.

ಬಿಚ್ಚುವ ಮೊದಲು ಫ್ರೇಮ್ ಕೆಳಗೆ ಸ್ಟ್ಯಾಂಡ್ ಇಡಿ, ಆಮೇಲೆ ಬ್ಲೀಡರ್ (ಆಯಿಲ್ ಹೊರಬಿಡುವ ಮೂತಿ) ತೆರೆದು ಪ್ರೆಶರ್ ಪೂರ್ತಿ ಬಿಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಪ್ರೆಶರ್ ಹೋದ ಕೂಡಲೇ ಬಾಡಿ ಕೆಳಗಿಳಿದು ಬಂಪ್ ಸ್ಟಾಪ್ (ರಬ್ಬರ್ ತಡೆ) ಮೇಲೆ ಕೂರುತ್ತದೆ, ಅಷ್ಟು ಹೊತ್ತಿಗೆ ಕೈ ಕೆಳಗಿದ್ದರೆ ಮುಗಿಯಿತು. ಮುಂದಿನ ಎರಡು ಗ್ಲೋಬ್ ಚೈನ್ ರೆಂಚಿಗೆ ಬಂದವು. ಹಿಂದಿನ ಬಲ ಬರಲಿಲ್ಲ. ನಾಲ್ಕು ಅಡಿ ಪೈಪ್ ಸಿಕ್ಕಿಸಿ ಇಬ್ಬರು ಜಗ್ಗಿದೆವು. ಚೈನ್ ತುಂಡಾಗಿ ನನ್ನ ಮೊಣಕೈ ಫ್ರೇಮಿಗೆ ಬಡಿಯಿತು. ಜುಲೈ ತಿಂಗಳು, ಬೇ ಒಳಗೆ ಬೆಂಕಿ. ಮೂರನೇ ದಿನ ಬೇರೊಂದು ಉಪಾಯದಲ್ಲಿ ಐದು ನಿಮಿಷಕ್ಕೆ ಬಿಟ್ಟಿತು. ಆ ಉಪಾಯ ಇಲ್ಲಿ ಬರೆಯುವುದಿಲ್ಲ, ಹೊಟ್ಟೆಪಾಡು ನೋಡಿ. ಗ್ಯಾಸ್ ಕಟರ್ ಮಾತ್ರ ಹತ್ತಿರ ತರಬೇಡಿ, ಅಷ್ಟು ಹೇಳುತ್ತೇನೆ. ಬ್ಲೀಡ್ ಮಾಡುವ ಸರದಿಯಲ್ಲೂ ನನ್ನದೊಂದು ಪದ್ಧತಿ ಇದೆ, ಅದೂ ನನ್ನ ಹತ್ತಿರವೇ ಇರಲಿ. ಹಳೆ ಆಯಿಲ್ ಕಷಾಯದ ಹಾಗೆ ಬಂತು. ಗುಳ್ಳೆ ನಿಲ್ಲುವವರೆಗೆ ಸುಮಾರು ನಾಲ್ಕು ಲೀಟರ್ ಹರಿಸಿದೆ.

ಮತ್ತೆ ಅದೇ ಮಾಲ್ ಪಾರ್ಕಿಂಗ್, ಅದೇ ವಾಚ್‌ಮನ್. ಗೀಟು ಹದಿಮೂರು. ಮುಂದಿನ ಪ್ರೆಶರ್ 6.9.

ಶುಕ್ರವಾರ ಬೆಳಿಗ್ಗೆ ಧೈದ್ ದಾಟಿ ಮಸಾಫಿವರೆಗೆ ಓಡಿಸಿದೆ. ಹಂಪ್ ಮೇಲೆ ಒಂದು ಸಲ ಎದ್ದು, ಕೂತು, ಸುಮ್ಮನಾಯಿತು. ಸಸ್ಪೆನ್ಶನ್ ಮೆತ್ತಗೆ, ಗಟ್ಟಿ ಮಾಡುವ ಸ್ವಿಚ್ಚನ್ನು ಕಂಫರ್ಟ್‌ನಿಂದ ಸ್ಪೋರ್ಟ್‌ಗೆ ಹಾಕಿದರೆ ಈಗ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ಎರಡೂ ಒಂದೇ ಆಗಿತ್ತು. ನಾನು ಮಾತ್ರ ಆ ಸ್ವಿಚ್ ಕೆಟ್ಟಿದೆ ಅಂದುಕೊಂಡು ಅದನ್ನೂ ಬಿಚ್ಚಿ ನೋಡಿದ್ದೆ.

ಕೆಲಸಕ್ಕೆ ಬಂದ ಖರ್ಚು ಮೂರು ಸಾವಿರ ದಿರ್ಹಮ್ ಹತ್ತಿರ. ದಂಡಕ್ಕೆ ಹೋದದ್ದು ಒಂಬೈನೂರು. ನನ್ನ ಮಜೂರಿ ಲೆಕ್ಕ ಹಾಕಿಲ್ಲ. ಸಾದಾ ಶಾಕ್‌ಗೆ ಬದಲಾಯಿಸಲು ಮೂರೂವರೆ ಸಾವಿರ ಹೇಳಿದ್ದರು. ಒಂದು ದೊಡ್ಡ ವರ್ಕ್‌ಶಾಪ್ ಹನ್ನೊಂದು ಸಾವಿರದ ಕೊಟೇಶನ್ ಕೊಟ್ಟಿತ್ತು, ಅದರಲ್ಲಿ ಪಂಪೂ ಸೇರಿತ್ತು. ನನ್ನ ಪಂಪ್ ಇವತ್ತಿಗೂ ಹಳೆಯದೇ.

ಹೆಂಡತಿ ಎರಡನೇ ಸಲ ಹತ್ತಿದ್ದು ಆಮೇಲೆ ಮೂರು ವಾರಕ್ಕೆ. ಮಸಾಫಿ ದಾರಿಯಲ್ಲಿ ಅರ್ಧಕ್ಕೇ ನಿದ್ದೆ ಹೋದಳು. ಹಿಂದಿನ ಹೈಟ್ ಸೆನ್ಸರ್ ಕಡ್ಡಿಗೆ ತುಕ್ಕು ಹಿಡಿದಿದೆ, ಸಾಮಾನು ತುಂಬಿದ ಮೇಲೆ ಕೆಲವು ಸಲ ಏಳಲು ತಡ ಮಾಡುತ್ತದೆ. ಅದನ್ನು ಮುಂದಿನ ತಿಂಗಳು ನೋಡಬೇಕು.