ಜಾಯಿಂಟ್‌ನಿಂದ ಡಬ್ಬಕ್ಕೆ: ಬಾವಲಿಗಳ ಜೊತೆ ನನ್ನ ಅನುಭವ

"ಬಾವಲಿಗಳಿಗೆ ಇರಲು ಮರದ ಡಬ್ಬ ಇಟ್ಟ ತಕ್ಷಣ ಬಾವಲಿ ಬಂದುಬಿಡುತ್ತವಾ?" ಅಂತ ನಕ್ಕವರೇ ಈಗ ಸಂಜೆ ಟೆರೇಸಿಗೆ ಬಂದು ಎಣಿಸುತ್ತಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ನಮ್ಮದು 11 ಮಹಡಿಯ ಎರಡು ಬ್ಲಾಕು. ಮಧ್ಯದ ಎಕ್ಸ್‌ಪ್ಯಾನ್ಶನ್ ಜಾಯಿಂಟ್‌ನಲ್ಲಿ, ಅಂದರೆ ಬಿಸಿಲಿಗೆ ಕಟ್ಟಡ ಹಿಗ್ಗಲು ಬಿಟ್ಟ ಸಂದಿಯಲ್ಲಿ, ಬಾವಲಿಗಳು ಸೇರಿಕೊಂಡಿದ್ದವು. ಹಣ್ಣು ತಿನ್ನುವ ದೊಡ್ಡವಲ್ಲ, ಹುಳ ಹಿಡಿಯುವ ಸಣ್ಣವು. ನನ್ನ ಲೆಕ್ಕದಲ್ಲಿ 60ರ ಆಸುಪಾಸು. ಕಿಟಕಿ ಕಟ್ಟೆಯ ಮೇಲೆಲ್ಲ ಹಿಕ್ಕೆ. ಇಲಿಯದೇ ಅಂತ ಎಲ್ಲರ ವಾದ. ಒಂದನ್ನು ಕಡ್ಡಿಯಲ್ಲಿ ಒತ್ತಿ ತೋರಿಸಿದೆ. ಪುಡಿಪುಡಿಯಾಯಿತು, ಒಳಗೆ ಹುಳದ ರೆಕ್ಕೆಯ ಚೂರು ಮಿನುಗಿತು.

ನನಗಿಂತ ಮೊದಲು ಅಸೋಸಿಯೇಷನ್ ನಾಲ್ಕು ಸಲ ದುಡ್ಡು ಸುರಿದಿತ್ತು. ವಾಸನೆಯ ಔಷಧಿ, ಕಣ್ಣು ಕುಕ್ಕುವ ಲೈಟು, ನಮ್ಮ ಕಿವಿಗೆ ಕೇಳದ ಶಬ್ದ ಮಾಡುವ ಅಲ್ಟ್ರಾಸೋನಿಕ್ ಮೆಷಿನ್ನು. ಮೆಷಿನ್ನು ಪಕ್ಕದಲ್ಲೇ ಕೂಗುತ್ತಿದ್ದರೂ ಅವು ಆರಾಮಾಗಿ ನೇತಾಡುತ್ತಿದ್ದವು. ಕೊನೆಗೆ ಬಂದ ಕಾಂಟ್ರಾಕ್ಟರ್ ಹಗಲು ಹೊತ್ತಲ್ಲೇ ಸಂದಿಗೆ ಫೋಮ್ ತುಂಬಿದ. ಆ ರಾತ್ರಿ ನಾಲ್ಕು ಮನೆಗಳ ಬಾತ್‌ರೂಮಿನ ಡಕ್ಟ್‌ನಿಂದ ಬಾವಲಿ ಹೊರಬಂದವು. ಮರುದಿನ ಫೋಮ್ ಕಿತ್ತಾಗ ಸತ್ತ ಮರಿಗಳು ಸಿಕ್ಕವು. ಬಾವಲಿ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕೋದು. ಐದನೇ ಸಲ ನಾನು ಮಾಡ್ತೀನಿ, ಸಂದಿಯ ಬದಲು ಅವಕ್ಕೆ ಇರಲು ಡಬ್ಬ ಕೊಡ್ತೀನಿ ಅಂದೆ.

ಖರ್ಚು? ಹಿಂದಿನ ನಾಲ್ಕರ ಒಟ್ಟು ಬಿಲ್ಲಿನ ಆರನೇ ಒಂದು ಭಾಗವೂ ಆಗಲಿಲ್ಲ. ಅದರಲ್ಲೂ ಅರ್ಧ ನನ್ನ ದಡ್ಡತನಕ್ಕೇ ಹೋಯಿತು. ಮೊದಲ ಡಬ್ಬವನ್ನು ನುಣುಪು ಪ್ಲೈವುಡ್‌ನಲ್ಲಿ ಮಾಡಿದೆ. ಒಳಗೆ ಉಗುರು ಹಿಡಿಯಲು ಏನೂ ಇಲ್ಲ, ಒಂದೂ ಬರಲಿಲ್ಲ. ಎರಡನೆಯದಕ್ಕೆ ಒಳಗೆ ಗರಗಸದಿಂದ ಗೀರು ಹಾಕಿದೆ. ಆದರೆ ಹೊರಗೆ ಕಪ್ಪು ಬಣ್ಣ ಬಳಿದು ಪಡುವಣ ಗೋಡೆಗೆ ಹೊಡೆದೆ. ಮಧ್ಯಾಹ್ನ ಕೈ ಇಟ್ಟರೆ ಒಲೆ! ಅದೂ ಖಾಲಿ.

ಸಂದು ಎಷ್ಟಿರಬೇಕು ಎಂಬ ಅಳತೆ ಸಿಕ್ಕಿದ್ದು ಅಮೆರಿಕದ ಆಸ್ಟಿನ್ ನಗರದಿಂದ. ಅಲ್ಲಿನ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು 1980ರಲ್ಲಿ ಮರುನಿರ್ಮಿಸಿದಾಗ ಅಡಿಯಲ್ಲಿ ಒಂದು ಇಂಚಿನಷ್ಟು ಅಗಲದ ಸಂದುಗಳು ಉಳಿದವು. ಬಾವಲಿಗಳಿಗೆ ಅದೇ ಬೇಕಿತ್ತು. ಮೊದಲು ಊರವರು ಓಡಿಸಿ ಅಂದರು. ಮರ್ಲಿನ್ ಟಟಲ್ ಎಂಬ ಬಾವಲಿ ತಜ್ಞರು ಕೂತು ತಿಳಿಹೇಳಿದರು. ಈಗ ಬೇಸಿಗೆಯಲ್ಲಿ ಸುಮಾರು 15 ಲಕ್ಷ ಬಾವಲಿ, ನೋಡಲು ಜನಜಾತ್ರೆ. ಕಮಿಟಿ ಮೀಟಿಂಗಿನಲ್ಲಿ ಇದನ್ನೇ ಹೇಳಿ ಒಪ್ಪಿಸಿದ್ದು.

ಮೂರನೆಯ ಡಬ್ಬಕ್ಕೆ ಎರಡು ಖಾನೆ, ಸಂದು 2 ಸೆಂಟಿಮೀಟರ್, ತಳ ಇಲ್ಲ. ಇಂಥವು ಮೂರು ಮಾಡಿ ಹಳೆ ಜಾಗದ ಪಕ್ಕದಲ್ಲೇ ಕಟ್ಟಿದೆ. ಒಳಗೆ ಹಚ್ಚಿದ್ದು ಏನು ಅನ್ನೋದು ಇಲ್ಲಿ ಬೇಡ, ಅದು ನನ್ನ ಹತ್ತಿರವೇ ಇರಲಿ! ಎಂಟು ತಿಂಗಳು ಏನೂ ಆಗಲಿಲ್ಲ. ಒಂದು ಸಂಜೆ ಟಾರ್ಚ್ ಬಿಟ್ಟರೆ ಗೀರಿನ ಮೇಲೆ ಒಣ ಎಲೆ ಅಂಟಿದ ಹಾಗಿತ್ತು. ಎಲೆ ಕಿವಿ ಅಲ್ಲಾಡಿಸಿತು. ಬಾವಲಿ ಮನೆಗೆ ಬಾವಲಿ ಬಂದರೆ ನೀನೂ ನೇತಾಡು ನಾನೂ ನೇತಾಡ್ತೀನಿ ಅಂತಾರಲ್ಲ, ಹಾಗೇ ಒಂದರ ಹಿಂದೆ ಇನ್ನೊಂದು.

ಮರಿಗಳೆಲ್ಲ ಹಾರಲು ಕಲಿತ ಮೇಲೆಯೇ ಜಾಯಿಂಟ್‌ಗೆ ಬಲೆ ಕಟ್ಟಿದೆ. ಮೇಲೆ, ಪಕ್ಕ ಟೇಪು, ಕೆಳಗೆ ಸಡಿಲ. ಹೊರಬರಬಹುದು, ವಾಪಸ್ ದಾರಿ ಸಿಗೋದಿಲ್ಲ. ಹತ್ತು ರಾತ್ರಿ ಬಿಟ್ಟು, ಸತತ ಎರಡು ಸಂಜೆ ಒಂದೂ ಹೊರಬರದಿದ್ದಾಗ ಮುಚ್ಚಿದೆ. ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಕಚ್ಚಿದರೆ ರೇಬಿಸ್ ಭಯ, ಅಂದೇ ಡಾಕ್ಟರ ಹತ್ತಿರ ಓಡಬೇಕು. ಹಿಕ್ಕೆ ಗುಡಿಸುವಾಗಲೂ ನೀರು ಚಿಮುಕಿಸಿ, ಮಾಸ್ಕ್ ಹಾಕಿ.

ಆ ಹಿಕ್ಕೆಯನ್ನು ಸುಮ್ನೆ ಕುಂಡಕ್ಕೆ ಹಾಕಿ ನೋಡಿದೆ. ಜಾಸ್ತಿ ಆಗಿ ಎರಡು ಗಿಡ ಸುಟ್ಟವು. ಈಗ ಬಕೆಟ್ ನೀರಿಗೆ ಒಂದು ಚಮಚ, ಗಿಡಗಳು ಚೆನ್ನಾಗಿವೆ. ಟೆರೇಸಿನ ಬಿಳಿ ಲೈಟನ್ನೂ ಹಳದಿ ಮಾಡಿಸಿದೆ, ಮೆಟ್ಟಿಲ ಮೇಲಿನ ಹುಳದ ಕಾಟ ಕಮ್ಮಿಯಾಯಿತು.

ಕಳೆದ ವಾರದ ಎಣಿಕೆ 23. ಉಳಿದವು ಎಲ್ಲೋ ಹೋದವು. ಎದುರಿನ ಕಟ್ಟಡದ ಸೆಕ್ರೆಟರಿ ಮೊನ್ನೆ ಫೋನ್ ಮಾಡಿ ಡಬ್ಬದ ಅಳತೆ ಕೇಳಿದರು. ನಾನು ನಕ್ಕೆ, ಕೊಟ್ಟೆ.