ಹಕ್ಕಿ, ಚಿಟ್ಟೆ ಹೋಲಿಸುವುದು ಹೇಗೆ?

ಹಾಡುಹಕ್ಕಿ ಮತ್ತು ಚಿಟ್ಟೆಯನ್ನು ಹೋಲಿಸುವ ಚಾರ್ಟ್‌ಗಳನ್ನು ಬಹಳ ನೋಡಿದ್ದೇನೆ. ವರ್ಗೀಕರಣ ಸರಿಯಿರುತ್ತದೆ. ಸಂರಕ್ಷಣಾ ಸ್ಥಿತಿ, ಅಂದರೆ ಆ ಜೀವಿಗೆ ಅಳಿವಿನ ಅಪಾಯ ಎಷ್ಟು ಎಂದು ಬರೆಯುವ ಕಡೆ ಎಡವುತ್ತಾರೆ. ಹಳದಿ ಎದೆಯ ಬಂಟಿಂಗ್ ಹಕ್ಕಿ ಮತ್ತು ಮೊನಾರ್ಕ್ ಚಿಟ್ಟೆಯನ್ನು ಇಟ್ಟುಕೊಂಡು ಒಮ್ಮೆ ಮಾಡಿ ನೋಡೋಣ.

1. ಮೊದಲು ವೈಜ್ಞಾನಿಕ ಹೆಸರು ಬರೆಯಿರಿ: ಎಂಬೆರಿಜಾ ಆರಿಯೋಲಾ, ಡನಾಯಸ್ ಪ್ಲೆಕ್ಸಿಪ್ಪಸ್. ರೂಢಿಯ ಹೆಸರಿನಿಂದ ಶುರು ಮಾಡಲೇಬೇಡಿ.

2. ಮೇಲಿನಿಂದ ಕೆಳಗೆ ಇಳಿಯಿರಿ. ಎರಡೂ ಪ್ರಾಣಿಗಳೇ. ಆದರೆ ಮುಂದಿನ ಮೆಟ್ಟಿಲಲ್ಲೇ ದಾರಿ ಬೇರೆಯಾಗುತ್ತದೆ: ಹಕ್ಕಿ ಕಾರ್ಡೇಟಾ (ಬೆನ್ನುಮೂಳೆಯ ಪ್ರಾಣಿಗಳು ಸೇರುವ ಗುಂಪು), ಚಿಟ್ಟೆ ಆರ್ಥ್ರೋಪೋಡಾ (ಕೀಲುಗಾಲಿನ ಪ್ರಾಣಿಗಳ ಗುಂಪು). ಆಮೇಲೆ ಹಕ್ಕಿಗೆ ಪಕ್ಷಿ ವರ್ಗ, ಪ್ಯಾಸರಿಫಾರ್ಮಿಸ್ ಗಣ, ಎಂಬೆರಿಜಿಡೇ ಕುಟುಂಬ. ಚಿಟ್ಟೆಗೆ ಕೀಟ ವರ್ಗ, ಲೆಪಿಡಾಪ್ಟೆರಾ ಗಣ, ನಿಂಫಾಲಿಡೇ ಕುಟುಂಬ. ಎರಡಕ್ಕೂ ರೆಕ್ಕೆ ಇದೆ, ನಿಜ. ಹಕ್ಕಿಯ ರೆಕ್ಕೆ ಮುಂಗಾಲಿನ ಮೂಳೆಗಳಿಂದ ಆದದ್ದು, ಚಿಟ್ಟೆಯ ರೆಕ್ಕೆಯಲ್ಲಿ ಮೂಳೆಯೇ ಇಲ್ಲ.

3. ಈಗ ಸ್ಥಿತಿ. ಇಲ್ಲಿ ನಿಧಾನ ಮಾಡಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಳಿವಿನ ಅಪಾಯವನ್ನು ದಾಖಲಿಸುವ ಕೆಂಪು ಪಟ್ಟಿಯನ್ನೇ ತೆರೆಯಿರಿ. ಮೊಬೈಲ್ ಆ್ಯಪ್, ಅಚ್ಚು ಹಾಕಿದ ರೆಡಿಮೇಡ್ ಚಾರ್ಟ್ ನಂಬಬೇಡಿ, ಅವುಗಳಲ್ಲಿ ಹಳೆಯ ಮಾಹಿತಿಯೇ ಜಾಸ್ತಿ. 2004ರವರೆಗೆ ಬಂಟಿಂಗ್‌ಗೆ ಆತಂಕವಿಲ್ಲ ಎಂದೇ ಇತ್ತು. 2017ರಲ್ಲಿ ಅದು ‘ಕ್ರಿಟಿಕಲಿ ಎಂಡೇಂಜರ್ಡ್’, ಅಂದರೆ ಕಾಡಿನಿಂದ ಅಳಿಯುವ ಅಂಚು. ಹದಿಮೂರೇ ವರ್ಷ! ಅದಕ್ಕೇ ಸ್ಥಿತಿಯ ಪಕ್ಕ ಇಸವಿ ಬರೆಯಲೇಬೇಕು.

ಚಿಟ್ಟೆಯದು ಇನ್ನೂ ತೊಡಕು. 2022ರಲ್ಲಿ ‘ಎಂಡೇಂಜರ್ಡ್’ (ಅಳಿವಿನಂಚಿಗೆ ಒಂದು ಮೆಟ್ಟಿಲು ಕಡಿಮೆ ಅಪಾಯ) ಎಂದು ಪಟ್ಟಿಗೆ ಸೇರಿದ್ದು ಎಲ್ಲ ಮೊನಾರ್ಕ್‌ಗಳೂ ಅಲ್ಲ, ವಲಸೆ ಹೋಗುವ ಉಪಪ್ರಭೇದ ಮಾತ್ರ. ಅದರ ಹೆಸರಲ್ಲಿ ಮೂರು ಪದ ಇರುತ್ತದೆ: ಡನಾಯಸ್ ಪ್ಲೆಕ್ಸಿಪ್ಪಸ್ ಪ್ಲೆಕ್ಸಿಪ್ಪಸ್. ಈ ಸ್ಥಿತಿ ಬರೆಯುವಾಗ ಮೂರನೇ ಪದ ಬಿಟ್ಟರೆ ಚಾರ್ಟ್ ತಪ್ಪು. 2023ರಲ್ಲಿ ಚಿಟ್ಟೆಗಳ ಸಂಖ್ಯೆ ಇಳಿಯುವ ವೇಗವನ್ನು ಮತ್ತೆ ಲೆಕ್ಕ ಹಾಕಿ ಅದನ್ನು ‘ವಲ್ನರಬಲ್’ಗೆ, ಅಂದರೆ ಇನ್ನೊಂದು ಮೆಟ್ಟಿಲು ಕಡಿಮೆ ಅಪಾಯಕ್ಕೆ ಇಳಿಸಿದರು. ಈ ಇಳಿಕೆಯನ್ನು ಅಳೆಯುವ ಅವಧಿ ಹತ್ತು ವರ್ಷ ಅಥವಾ ಮೂರು ಪೀಳಿಗೆ, ಯಾವುದು ಉದ್ದವೋ ಅದು. ಚಿಟ್ಟೆಯ ಮೂರು ಪೀಳಿಗೆ ಒಂದೇ ವರ್ಷದಲ್ಲಿ ಮುಗಿಯಬಹುದು ಅಲ್ವಾ? ಹಾಗಾಗಿ ಅದಕ್ಕೆ ಹತ್ತು ವರ್ಷದ ಲೆಕ್ಕ.

4. ಕಾರಣಗಳನ್ನು ಬೇರೆ ಬೇರೆ ಬರೆಯಿರಿ. ಸುಮ್ನೆ ಎರಡಕ್ಕೂ ‘ಕಾಡು ನಾಶ’ ಎಂದು ತುಂಬಿಸಬೇಡಿ. ವಲಸೆ ಹೋಗುವ ಬಂಟಿಂಗ್ ಹಿಂಡುಗಳನ್ನು ತಿನ್ನಲೆಂದು ಬಲೆ ಹಾಕಿ ಹಿಡಿದರು. ಚೀನಾ 1997ರಲ್ಲೇ ಈ ಬೇಟೆ ನಿಷೇಧಿಸಿತ್ತು, ಕಳ್ಳ ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಮೊನಾರ್ಕ್‌ನ ಮರಿಹುಳು ತಿನ್ನುವುದು ನಮ್ಮ ಎಕ್ಕದ ಬಳಗದ ಮಿಲ್ಕ್‌ವೀಡ್ ಗಿಡವನ್ನು. ಉತ್ತರ ಅಮೆರಿಕದ ಹೊಲಗಳಲ್ಲಿ ಕಳೆನಾಶಕ ಹೊಡೆದು ಆ ಗಿಡವನ್ನೇ ಒಣಗಿಸಿದ್ದಾರೆ.